ಉಲ್ಟಾ ಅಕ್ಷರ

ಶಾರ್ಜಾದ ರೋಲಾದಲ್ಲಿ, ಬೀಗ ರಿಪೇರಿಯವನಿಗೂ
ಪಾಸ್‌ಪೋರ್ಟ್ ಫೋಟೋದವನಿಗೂ ನಡುವೆ
ಮೂರು ಅಡಿ ಜಾಗ ನನ್ನದು. ರಬ್ಬರ್ ಸ್ಟ್ಯಾಂಪು.
ಇಪ್ಪತ್ತೆರಡು ವರ್ಷ ಲೋಕವನ್ನು ಉಲ್ಟಾ ಓದಿ ಓದಿ
ಗಂಗೊಳ್ಳಿಯಿಂದ ಬಂದ ಕಾಗದವನ್ನೂ
ಒಮ್ಮೊಮ್ಮೆ ಕನ್ನಡಿಗೆ ಹಿಡಿದು ನೋಡುತ್ತೇನೆ.

ಕನ್ನಡ ಸಂಘ ಒಂದಿದ್ದಾಗ ಒಂದು ಸೀಲು ಮಾಡಿದೆ.
ರಾಜ್ಯೋತ್ಸವದ ಶಾಲು ಮೊದಲು ಯಾರ ಹೆಗಲಿಗೆ
ಎಂಬ ಮಾತಿಗೆ ಸಂಘ ಎರಡಾಯಿತು, ಆಮೇಲೆ ಮೂರು.
ಮೂರಕ್ಕೂ ನಾನೇ ಮಾಡಿಕೊಟ್ಟೆ, ಡಿಸ್ಕೌಂಟ್ ಬೇರೆ.
ಒಡಕು ನನಗೆ ವ್ಯಾಪಾರ, ಸುಳ್ಳೇಕೆ ಹೇಳಲಿ.

ಇವರು ಕೆಂಪು ಸಮುದ್ರದ ಆಚೆಯವರು,
ಊರಿನ ಹೆಸರು ಬಂದರೆ ದನಿ ತಗ್ಗಿಸುವವರು.
ಚೀಟಿಯ ತುಂಬ ಅವರ ಲಿಪಿ:
ಏಣಿ, ಮುರಿದ ಕುರ್ಚಿ, ಕೈಯೆತ್ತಿ ನಿಂತ ಮನುಷ್ಯ.
ಏನಿದರ ಅರ್ಥ, ಎಂದೆ.
"ಗೆರೆ ತಪ್ಪದಿದ್ದರೆ ಸಾಕು" ಎಂದಳು ಲೆತೆಬ್ರಹಾನ್,
ಅಲ್ಲಿ ಲೆಕ್ಕದ ಟೀಚರು, ಇಲ್ಲಿ ಕ್ಲಿನಿಕ್ಕಿನ ನೆಲ ಒರೆಸುವವಳು.

ಸೀಲು ಹಬ್ತೋಮನ ಬಳಿ,
ಶಾಯಿಯ ಪ್ಯಾಡು ವೊಲ್ದು ಬಳಿ,
ನಡಾವಳಿ ಪುಸ್ತಕ ಅವಳ ಚೀಲದಲ್ಲಿ, ಫಿನಾಯಿಲ್ ಬಾಟಲಿಯ ಪಕ್ಕ.
ಮೂವರೂ ಕೂಡದೆ ಒಂದು ಕಾಗದಕ್ಕೂ ಬಾಯಿ ಬರುವುದಿಲ್ಲ.
ಇದೆಂಥ ರಗಳೆ ಎಂದು ನಕ್ಕೆ.
ಅವಳು ನಗಲಿಲ್ಲ:
"ಅಲ್ಲಿ ಎಲ್ಲವೂ ಒಬ್ಬನದೇ ಕೈಯಲ್ಲಿದೆ.
ಅದಕ್ಕೇ ನಾವು ಇಲ್ಲಿದ್ದೇವೆ."

ಎರಡು ಬೇಸಿಗೆ ಕಳೆಯಿತು.
ಒಂದು ಮಧ್ಯಾಹ್ನ ಹಬ್ತೋಮ್ ಒಬ್ಬನೇ ಬಂದ.
ಹಳೆಯದು ಸವೆದಿದೆ, ಇನ್ನೊಂದು ಬೇಕು. ಅದೇ ಚೀಟಿ.
ಮರುದಿನ ವೊಲ್ದು. ಅವನೂ ಒಬ್ಬನೇ. ಅದೇ ಚೀಟಿ.
ಇಬ್ಬರಿಂದಲೂ ಅಡ್ವಾನ್ಸ್ ತೆಗೆದುಕೊಂಡೆ.
ಇಬ್ಬರಿಗೂ ಹೇಳಿದೆ: ಶುಕ್ರವಾರ, ನಾಲ್ಕು ಗಂಟೆಗೆ.
ಜಾಣತನವೋ, ಹೇಡಿತನವೋ, ಈಗಲೂ ಗೊತ್ತಿಲ್ಲ.

ನಾಲ್ಕಕ್ಕೆ ಇಬ್ಬರೂ ನಿಂತಿದ್ದರು, ಮೂರು ಅಡಿಯಲ್ಲಿ,
ಒಬ್ಬರ ಬೆವರು ಇನ್ನೊಬ್ಬರಿಗೆ ತಾಗುವಷ್ಟು ಹತ್ತಿರ.
ಪಕ್ಕದವನು ಕೀಲಿ ಅರೆಯುತ್ತಿದ್ದ, ಕಿಡಿ ಹಾರುತ್ತಿತ್ತು.
ಮಿಶನ್ ಕೆಟ್ಟಿದೆ, ಎಂದೆ.
ನಂಬಿದ ಮುಖ ಮಾಡಿದರು.

ಅವಳಿಗೆ ಯಾರು ಹೇಳಿದರೋ,
ಮೂವರನ್ನೂ, ಹೌದು, ನನ್ನನ್ನೂ,
ಲಾಂಡ್ರಿಯ ಮೇಲಿನ ಕೋಣೆಗೆ ಕರೆದೊಯ್ದಳು.
ಹದಿನಾರು ಜನ ಚಾಪೆಯ ಮೇಲೆ. ಕರಿ ಮಣ್ಣಿನ ಹೂಜಿ.
ಕಾಫಿ ಮೂರು ಸುತ್ತು.
ಮೂರನೆಯದು ಮುಗಿಯದೆ ಯಾರೂ ಹೊಸ್ತಿಲು ದಾಟಬಾರದು,
ಅದು ಅವರ ಅಜ್ಜಿಯಂದಿರ ಕಾನೂನು.

ಮೊದಲ ಸುತ್ತಿಗೆ ಜಗಳ.
ಭಾಷೆ ತಿಳಿಯದಿದ್ದರೂ ದುಡ್ಡಿನ ಮಾತು ತಿಳಿಯಿತು;
ದುಡ್ಡಿಗೆ ಎಲ್ಲ ಭಾಷೆಯಲ್ಲೂ ಅದೇ ಗಂಟಲು.

ಎರಡನೆಯದಕ್ಕೆ ಅವಳು ಪುಸ್ತಕ ತೆರೆದು
ಓದತೊಡಗಿದಳು, ನಿಧಾನ.
ಹೆಸರುಗಳೆಂದು ತಿಳಿದದ್ದು, ಪ್ರತಿಯೊಂದರ ಬಳಿಕ
"ಹಾಜರ್ ಟೀಚರ್" ಅನ್ನುವಷ್ಟು ಹೊತ್ತು ಅವಳು ತಡೆದದ್ದರಿಂದ.
ಯಾರೂ ಹಾಜರ್ ಅನ್ನಲಿಲ್ಲ.
ಮರುಭೂಮಿಯ ಯಾವುದೋ ತಗಡಿನ ಪೆಟ್ಟಿಗೆಯಲ್ಲಿ
ಆ ಹೊತ್ತಿಗೆ ಯಾರಾದರೂ ಅಂದರೋ ಏನೋ.
ಒಂದು ಹೆಸರಿಗೆ ವೊಲ್ದು ತಲೆ ತಗ್ಗಿಸಿದ.
ಅದೇ ಹೆಸರಿಗೆ ಹಬ್ತೋಮನೂ.

ಮೂರನೆಯದು ನೀರುನೀರು.
ಹಬ್ತೋಮ್ ಬಟ್ಟಲು ಮುಟ್ಟಲಿಲ್ಲ.
ಅದು ಆರಿತು. ಕೆನೆಗಟ್ಟಿತು. ಲಾಂಡ್ರಿಯ ಇಸ್ತ್ರಿ ನಿಂತಿತು.
ಹದಿನಾರು ಜನರಿಗೂ ಬೆಳಿಗ್ಗೆ ಡ್ಯೂಟಿ.
ಒಬ್ಬನೂ ಏಳಲಿಲ್ಲ.
ಒಂದೂವರೆಗೆ ಅವನು ಬಟ್ಟಲು ಎತ್ತಿದ.

ಏನು ತೀರ್ಮಾನವಾಯಿತೋ ನನಗೆ ಗೊತ್ತಿಲ್ಲ.
ಇವತ್ತಿಗೂ ಅವರಿಬ್ಬರು ರಸ್ತೆಯ ಒಂದೇ ಬದಿಯಲ್ಲಿ ನಡೆಯುವುದಿಲ್ಲ.
ಶುಕ್ರವಾರ ಮಾತ್ರ ಒಂದೇ ಮೆಟ್ಟಿಲು ಹತ್ತುತ್ತಾರೆ.
ಅಡ್ವಾನ್ಸ್ ವಾಪಸು ಕೇಳಲಿಲ್ಲ;
ನಾನೂ ಕೊಡಲಿಲ್ಲ.

ಒಂದು ಮಾತು ಮುಚ್ಚಿಟ್ಟಿದ್ದೆ.
ಮೊದಲ ದಿನವೇ ರಾತ್ರಿ ಕೂತು ಒಂದು ಕೊರೆದಿದ್ದೆ.
ಗಲ್ಲೆಯ ಕೆಳಗಿನ ಡ್ರಾಯರಿನಲ್ಲಿದೆ.
ಕೆಲವೊಮ್ಮೆ ಶಟರ್ ಎಳೆದ ಮೇಲೆ
ರದ್ದಿ ಕಾಗದಕ್ಕೆ ಒತ್ತುತ್ತೇನೆ:
ಏಣಿ, ಕುರ್ಚಿ, ಕೈಯೆತ್ತಿದ ಮನುಷ್ಯ,
ಒಂದು ಗೆರೆಯೂ ತಪ್ಪಿಲ್ಲ.
ಮಾರಲು ಮನಸ್ಸಿಲ್ಲ.
ಕತ್ತರಿ ಹಿಡಿದರೆ ಕೈ ಬರುವುದಿಲ್ಲ.