ಚಿಪ್ಪಿನ ಬಿಸಿ

ಅರಸೀಕೆರೆಯಿಂದ ತಿಪಟೂರಿಗೆ ಹೋಗುವ ದಾರಿಯಲ್ಲಿ ವೇಬ್ರಿಡ್ಜ್.
ತಗಡಿನ ಸೂರು, ಒಂದು ಕಿಟಕಿ, ನಾನು,
ಮೇಜಿನ ಕೆಳಗೆ ಊಟದ ಡಬ್ಬಿಯಷ್ಟೇ ಕಂಪ್ಯೂಟರು.
ನಾಲ್ಕು ಕ್ಯಾಮೆರಾ, ತೂಕ, ರಸೀದಿ
ಎಲ್ಲ ಅದರ ತಲೆಯ ಮೇಲೆ.
ಧೂಳು ಕೂರಬಾರದೆಂದು ಯಜಮಾನರು
ಮರದ ಗೂಡು ಮಾಡಿಸಿ ಒಳಗಿಟ್ಟು
ಬೀಗವನ್ನೂ ಹಾಕಿಸಿದರು.
ಒಳ್ಳೆಯದಕ್ಕೇ ಮಾಡಿದ್ದು.

ಮಾರ್ಚ್ ತಿಂಗಳು, ಮಧ್ಯಾಹ್ನ ಎರಡು.
ಕೊಬ್ಬರಿ ಲಾರಿ ಹಲಗೆಯ ಮೇಲೆ ನಿಂತಿದೆ,
ಅಂಕಿ ಏರುತ್ತ ಏರುತ್ತ
ಹದಿನಾರು ಸಾವಿರದ ನಾನೂರ...
ಪರದೆ ಕಪ್ಪು.
ಹಾರನ್ನು. ಹಿಂದಿನ ಲಾರಿಯ ಹಾರನ್ನು. ಅದರ ಹಿಂದಿನದು.
"ಏನಕ್ಕ, ತೂಕ ನುಂಗ್ತಾ ನಿನ್ ಪೆಟ್ಗೆ?"
ಕ್ಲೀನರ್ ಜಬೀವುಲ್ಲಾ ಕಿಟಕಿಗೆ ಮೂಗೊತ್ತಿ ನಗುತ್ತಾನೆ.

ನಾಲ್ಕನೇ ಸಲ ಇವತ್ತಿಗೆ.
ತೊಂಬತ್ತೇಳು ಡಿಗ್ರಿ, ತೊಂಬತ್ತೆಂಟು,
ಮೂರಂಕಿ ಮುಟ್ಟುವ ಮೊದಲೇ ತಾನಾಗಿ ಕಣ್ಣು ಮುಚ್ಚುತ್ತದೆ,
ಪ್ರಾಣ ಉಳಿಸಿಕೊಳ್ಳಲು.

ಬುತ್ತಿ ತಂದ ಅಪ್ಪ ಬಾಗಿಲಲ್ಲೇ ಕೇಳಿದ:
"ಏನಾಯ್ತವ್ವ?"
"ಚಿಪ್ ಕಾಯ್ತಿದೆ ಅಪ್ಪ."
"ಚಿಪ್ಪು ಕಾಯ್ದೆ ಇನ್ನೇನ್ ಮಾಡ್ತದೆ!"

ನಲವತ್ತು ವರ್ಷ ಕುಲುಮೆಯ ಮುಂದೆ ಕುಂತ ಮೌನಾಚಾರಿಗೆ
ಚಿಪ್ಪೆಂದರೆ ತೆಂಗಿನದು,
ಇದ್ದಿಲಾಗಿ ತಿದಿಯ ಬಾಯಿಗೆ ಬಿದ್ದು
ಗುದ್ದಲಿಯನ್ನು ಅರಿಶಿನದ ಬಣ್ಣಕ್ಕೆ ತರುವುದು.

ಸ್ಕ್ರೂ ಬಿಚ್ಚಿದೆ.
ಉಗುರಗಲದ ಚಿಪ್ಪಿನ ಮೇಲೆ ಅಲ್ಯೂಮಿನಿಯಂ ಹಲ್ಲುಸಾಲು,
ಸಂದಿಸಂದಿಗೆ ನಾರಿನ ಪುಡಿ, ಕೊಬ್ಬರಿ ಜಿಡ್ಡು,
ಹಣಿಗೆಯಲ್ಲಿ ಕೂದಲು ಕಟ್ಟಿದ ಹಾಗೆ.
ನಡುವೆ ಹಚ್ಚಿದ್ದ ಪೇಸ್ಟು ಒಣಗಿ
ನಿನ್ನೆಯ ವಿಭೂತಿ.
ಹಳೇ ಪಂಚೆಯ ಚೂರಿಗೆ ಸ್ಪಿರಿಟ್ ಅದ್ದಿ ಒರೆಸಿದೆ.
ಹಾಸನದಿಂದ ಕಂಡಕ್ಟರ್ ಕೈಲಿ ತರಿಸಿದ ಟ್ಯೂಬು,
ಕಡಲೆಬೇಳೆಯಷ್ಟು ಹಿಂಡಿದೆ.
"ಇಷ್ಟೇನಾ? ಸುಟ್ಟ ಬೆರಳಿಗೂ ಸಾಲ್ದು."
"ಜಾಸ್ತಿ ಹಾಕಿದ್ರೆ ಕೆಡ್ತದಪ್ಪ."

ಎಂಬತ್ತೊಂಬತ್ತಕ್ಕೆ ಇಳಿಯಿತು.
ಗೂಡಿನ ಬಾಗಿಲು ಹಾಕಿದೆ,
ಹತ್ತೇ ನಿಮಿಷ, ಮತ್ತೆ ತೊಂಬತ್ತೈದು.

ಅಪ್ಪ ಕುಕ್ಕರಗಾಲಲ್ಲಿ ಕೂತು ನೋಡಿದ.
"ಬೆನ್ನಿಗೆ ಗೋಡೆ, ಮುಂದೆ ಬೀಗ.
ತಾನು ಬಿಟ್ಟ ಉಸುರ್ನೇ ತಾನು ಎಳ್ಕತಾ ಅದೆ."
ಸೈಕಲ್ಲಿನ ಚೀಲದಿಂದ ಬೈರಿಗೆ ಬಂತು.
"ಯಜಮಾನ್ರು ಬೈತಾರೆ..."
"ಬೈಲಿ."
ಕೆಳಗೆ ಎಡಕ್ಕೆ ಒಂಬತ್ತು ತೂತು,
ನೆತ್ತಿಯಲ್ಲಿ ಹನ್ನೆರಡು.
ಮರದ ಸುರುಳಿ ನನ್ನ ಪಾದದ ಮೇಲೆಲ್ಲ.
"ತಿದಿ ಗಾಳಿ ಕೆಳಗಿಂದ, ಹೊಗೆ ಮೇಲಿಂದ.
ಕಾಯ್ಸೋಕೂ ಅದೇ ಗಾಳಿ, ಆರ್ಸೋಕೂ ಅದೇ."

ಎಂಬತ್ತೊಂದು. ಎಪ್ಪತ್ತನಾಲ್ಕು.
"ಈಗ ಎಂಥಾ ಕಾವು? ಕೆಂಪಾ, ಅರಿಶಿನವಾ?"
"ಬಣ್ಣ ಇರಲ್ಲಪ್ಪ, ಅಂಕಿ ಅಷ್ಟೆ."
ನಂಬಲಿಲ್ಲ.
ನೆತ್ತಿಯ ತೂತಿನ ಮೇಲೆ ಅಂಗೈ ಹಿಡಿದ:
"ಎಲ್ಲಿ ಬಿಸಿ?"
ಆ ಅಂಗೈ ಕೊಂಬಾಗಿ ಎಷ್ಟು ವರ್ಷವಾಯಿತೋ,
ಕೆಂಡಕ್ಕೂ ಅದು ಸಲುಗೆ ಕೊಟ್ಟಿದ್ದು.
ಮಣಿಕಟ್ಟು ಹಿಡಿದು ಮಗುಚಿದೆ,
ಹಿಂಗೈಯನ್ನು ತೋರಿಸಿದೆ ಗಾಳಿಗೆ,
ಕಿಡಿ ಸಿಡಿದ ಕಲೆಗಳ ನಡುವಿನ ತೆಳು ಚರ್ಮವನ್ನು.
ಸ್ವಲ್ಪ ಹೊತ್ತು ಸುಮ್ಮನಿದ್ದ.
"ಹ್ಞಾಂ," ಅಂದ,
ಜ್ವರ ಬಿಟ್ಟ ಮಗುವಿನ ಹಣೆ ಮುಟ್ಟಿದವನ ಹಾಗೆ.

ಅರವತ್ತೊಂಬತ್ತು.
ಲಾರಿ ಮತ್ತೆ ಹಲಗೆಗೆ ಹತ್ತಿತು,
ಹದಿನಾರು ಸಾವಿರದ ನಾನೂರ ಎಂಬತ್ತು.
ರಸೀದಿ ಹರಿದು ಕಿಟಕಿಯಾಚೆ ಕೊಟ್ಟೆ.
ಜಬೀವುಲ್ಲಾ ಸಲಾಮು ಹೊಡೆದ,
ನನಗೋ ಅಪ್ಪನಿಗೋ.

ಮುಂದಿನ ಲಾರಿಯ ನಂಬರು ಒತ್ತುವಾಗ
ಮೂಲೆಯ ಅಂಕಿ ಕಣ್ಣಿಗೆ ಬಿತ್ತು:
ಎಪ್ಪತ್ತೆರಡು. ಎಪ್ಪತ್ತಾರು. ಎಂಬತ್ತು.
ತಿರುಗಿ ನೋಡಿದರೆ
ಹನ್ನೆರಡು ತೂತಿನ ಮೇಲೆ ಸರಿಯಾಗಿ
ಹುರುಳಿ ಸಾರಿನ ಡಬ್ಬಿ.
"ಅಪ್ಪಾ!"
"ಸುಮ್ಕೆ ಹೋಗೋ ಶಾಖ ಕಣವ್ವ,"
ಅಂದ ಅಪ್ಪ,
"ಸಾರು ಬಿಸಿ ಆಯ್ತದೆ, ಇರ್ಲಿ ಬಿಡು."