ಕಾರ್ಬನ್ ಪ್ರತಿ

ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನ ಮೇಲಂತಸ್ತಿನಲ್ಲಿ
ನನ್ನ ಟೈಪ್‌ರೈಟರಿಗೆ ಳ ಬರುತ್ತಿರಲಿಲ್ಲ.
ಅದೊಂದು ಕೀಲಿ ಒತ್ತಿದರೆ ಕಡ್ಡಿ ಎದ್ದು
ಅರ್ಧದಾರಿಯಲ್ಲೇ ನಿಲ್ಲುತ್ತಿತ್ತು,
ಮಾತು ಮರೆತ ಸದಸ್ಯನ ಹಾಗೆ.
"ಜಾಗ ಬಿಡಿ ಮೊಣ್ಣಪ್ಪ, ನಾನು ತುಂಬುತ್ತೇನೆ"
ಎನ್ನುವರು ಮಾಳೆಯಂಡ ಚೋಂದಮ್ಮ, ಎಂ.ಎಲ್.ಎ.,
ಹಸಿರು ಶಾಯಿಯ ಪೆನ್ನಿನ ಮುಚ್ಚಳ ಹಲ್ಲಲ್ಲಿ ಕಚ್ಚಿ.

ಅಜ್ಜ ಕುಟ್ಟಯ್ಯ ಬ್ರಿಟಿಷರ ಕಾಲದ ಕೌನ್ಸಿಲಿನಲ್ಲಿ
ಕುಪ್ಯ ತೊಟ್ಟು ಕೂತವರು;
ಹದಿನಾಲ್ಕು ವರ್ಷಕ್ಕೆ ಎರಡೇ ಭಾಷಣ,
ಒಂದು ಏಲಕ್ಕಿಯ ಕುರಿತು, ಇನ್ನೊಂದು ಕ್ಷಮೆ ಕೇಳಿ.
ಅಪ್ಪ ಉತ್ತಯ್ಯ ಐವತ್ತೆರಡರಲ್ಲಿ
ಇಪ್ಪತ್ನಾಲ್ಕು ಜನರ ನಮ್ಮದೇ ವಿಧಾನಸಭೆಗೆ ಗೆದ್ದು
ಐವತ್ತಾರರಲ್ಲಿ ರಾಜ್ಯವೇ ಇಲ್ಲವಾದಾಗ
ಕೋಟೆಯ ಸಭಾಂಗಣದಿಂದ ಮನೆಗೆ ತಂದದ್ದು
ಗಾಜಿನದೊಂದು ಪೇಪರ್‌ವೇಟ್.
ಯಾರೂ ಕೇಳಲಿಲ್ಲ. ಕೇಳುವ ಸರ್ಕಾರ ಎಲ್ಲಿತ್ತು?

ಮಗಳ ಪಾಲಿಗೆ ಅದೂ ಬಂತು, ಕ್ಷೇತ್ರವೂ ಬಂತು.
"ಗೆದ್ದದ್ದು ನಾನಲ್ಲ, ಮನೆಹೆಸರು" ಎಂದು
ಮೊದಲ ಸಲ ಹಾರ ತೆಗೆದು ಜೀಪಿನ ಬಾನೆಟ್ಟಿನ ಮೇಲಿಟ್ಟರು.
ಎರಡನೇ ಸಲ ಏನೂ ಹೇಳಲಿಲ್ಲ.

ಮೂರನೇ ಅವಧಿಯ ಒಂದು ಜುಲೈ.
ಉಂಬಳ ಕಚ್ಚಿದ ಕಾಲಿಗೆ ಸುಣ್ಣ ಹಚ್ಚಿಕೊಂಡು
ಮೆಟ್ಟಿಲು ಹತ್ತಿ ಬಂದವರು
"ಚುಕ್ಕೆ ಗುರುತಿನ ಪ್ರಶ್ನೆ, ಬರೆದುಕೊಳ್ಳಿ" ಎಂದರು:
ತೋಟಗಳ ಲೈನ್‌ಮನೆಗಳಲ್ಲಿ ಮೂರು ತಲೆಮಾರಿನಿಂದಿರುವ
ಎರವರಿಗೆ ರೇಷನ್ ಕಾರ್ಡಿಲ್ಲ, ಮತಪಟ್ಟಿಯಲ್ಲಿ ಹೆಸರಿಲ್ಲ,
ಸತ್ತರೆ ಹೂಳಲು ಆರಡಿ ಇಲ್ಲ.
ಸರ್ಕಾರದ ಗಮನಕ್ಕೆ ಬಂದಿದೆಯೇ?
ಕೆಳಗೆ ಹೆಸರುಗಳು, ತೋಟವಾರು.
ನಲವತ್ತೊಂದನೆಯ ಸಾಲಿಗೆ ನನ್ನ ಬೆರಳು ನಿಂತಿತು.
"ಅಮ್ಮಾ, ಇದು ನಿಮ್ಮದೇ ತೋಟ."
"ಗೊತ್ತು. ಟೈಪ್ ಮಾಡಿ."

ಬೆಂಗಳೂರಿನಿಂದ ಉತ್ತರ ಬಂತು: ಪರಿಶೀಲನೆಯಲ್ಲಿದೆ.
ಮನೆಯ ಉತ್ತರ ಅಷ್ಟು ತಡಮಾಡಲಿಲ್ಲ.
ನೆಲ್ಲಕ್ಕಿಯ ದೀಪದ ಮುಂದೆ ಒಕ್ಕದವರು ಸೇರಿ
ಪಟ್ಟೆದಾರರು ಒಮ್ಮೆ ಕೆಮ್ಮಿ, ಮುಂದಿನ ಟಿಕೆಟ್ಟಿಗೆ
ತಮ್ಮನ ಹೆಸರು ಹೇಳಿದರಂತೆ.
ಆಕೆ ಎದ್ದು ಎಲ್ಲರಿಗೂ ಕಾಫಿ ಬಗ್ಗಿಸಿದರಂತೆ,
ತಮ್ಮನ ಲೋಟಕ್ಕೆ, ಚಿಕ್ಕಂದಿನ ರೂಢಿ,
ಬೆಲ್ಲ ಒಂದಿಷ್ಟು ಜಾಸ್ತಿ.

ಆಮೇಲೆ ಹನ್ನೊಂದು ವರ್ಷ ಇದ್ದರು.
ನೆನಪೋಲೆ ಬರೆಸಲು ಮೆಟ್ಟಿಲು ಹತ್ತುವುದು ಬಿಡಲಿಲ್ಲ.
ಸಹಿಯ ಕೆಳಗೆ 'ಮಾಜಿ' ಎಂದು ಸೇರಿಸುವಾಗ ನಗುವರು:
"ಇದಕ್ಕೆ ನಿಮ್ಮ ಮೆಷಿನ್ನಿಗೆ ತೊಂದರೆಯೇ ಇಲ್ಲ ನೋಡಿ."

ಮೊನ್ನೆ ಸದನದಲ್ಲಿ ಸಂತಾಪ ಸೂಚನೆ.
ತಮ್ಮ ಎದ್ದು ಅಜ್ಜನನ್ನು ಹೊಗಳಿ
ಅಪ್ಪನನ್ನು ಹೊಗಳಿ ಕೂತನೆಂದು ಪೇಪರಿನಲ್ಲಿ ಓದಿದೆ.

ರಾತ್ರಿ ಟ್ರಂಕಿನಿಂದ ಕಾರ್ಬನ್ ಪ್ರತಿ ತೆಗೆದೆ.
ಹಸಿರು ಶಾಯಿ ಮೂಲಪ್ರತಿಯ ಜೊತೆ ಹೋಗಿಬಿಟ್ಟಿದೆ,
ನನ್ನಲ್ಲಿ ಉಳಿದದ್ದು ಬಿಟ್ಟ ಜಾಗ.
ಬೊ – ಕ. ಮಾ – . ಬೆ – ಚಿ.
ಕೊನೆಗೆ, ಪ್ರಶ್ನೆ ಕೇಳಿದ ಸದಸ್ಯರು: ಮಾ – ಯಂಡ.
ಒಡೆಯರ ಹೆಸರಿಗೂ ಆಳಿನ ಹೆಸರಿಗೂ
ಒಂದೇ ಅಳತೆಯ ತೂತು.

ಮನೆಯಲ್ಲಿದ್ದದ್ದು ನೀಲಿ ಬಾಲ್‌ಪೆನ್.
ಬೊಳಕನಿಂದ ಶುರುಮಾಡಿದೆ.
ಹದಿನೇಳನೆಯವಳಿಗೆ ಬಂದಾಗ ಕರೆಂಟು ಹೋಯಿತು.
ಮೇಣದಬತ್ತಿ ಹುಡುಕುತ್ತಿದ್ದೇನೆ.