ಐವತ್ತಮೂರು ಓಮ್

ಈ ಸಲ ಹೂಮಳೆ ಕೈಕೊಟ್ಟಿತು.
ಪೊನ್ನಂಪೇಟೆಯ ಸುತ್ತ ತೋಟತೋಟಕ್ಕೂ ಸ್ಪ್ರಿಂಕ್ಲರು,
ಚಿಟ್ ಚಿಟ್ ಚಿಟ್ ಚಿಟ್
ಹಗಲೆಲ್ಲ ಕತ್ತು ತಿರುಗಿಸುವ ನೀರು.
ಹತ್ತನೇ ದಿನಕ್ಕೆ ಕಾಫಿ ಬಿರಿದು
ನನ್ನ ಅಂಗಡಿಯ ಸೋಲ್ಡರ್ ಹೊಗೆಯೊಳಗೂ ಘಮ.

ಅಂಥ ಸಂಜೆ ದೇವಕಿಯಕ್ಕ ಬಂದು
ಇಸ್ತ್ರಿಪೆಟ್ಟಿಗೆಯನ್ನು ಮೇಜಿನ ಮೇಲೆ ಕುಕ್ಕಿದಳು.
“ಹೋದ ತಿಂಗಳು ನೀನೇ ಕೊಟ್ಟಿದ್ದು. ಸಾವಿರ ವ್ಯಾಟು ಅಂದಿದ್ದೆ.
ಬೆಕ್ಕಿನ ಹೊಟ್ಟೆಯಷ್ಟೂ ಬಿಸಿಯಿಲ್ಲ.
ಆರು ಕುಪ್ಯ, ರೇಷ್ಮೆ ಚೇಲೆ ಬೇರೆ, ಹಾಗೇ ಬಿದ್ದಿವೆ.
ಮದುವೆ ಶನಿವಾರ.
ನನ್ನ ಕೈ ಸೋಮಾರಿಯಂತೆ, ಹೇಳಿ ಕಳಿಸಿದ್ದಾರೆ.”
ವಾರಂಟಿ ಚೀಟಿ ಸೆರಗಿನ ಗಂಟಿನಿಂದ ಹೊರಬಂತು,
ನಾಲ್ಕಾಗಿ ಮಡಚಿದ್ದು, ಗೆರೆ ಮುರಿಯದ್ದು.

ಹಂಸಾಕ ಬದುಕಿದ್ದರೆ
ಪೆಟ್ಟಿಗೆಯನ್ನು ಮೂಗಿಗೆ ಹಿಡಿದೇ ತೀರ್ಪು ಕೊಡುತ್ತಿದ್ದರು.
ಅವರಿಂದ ನಾನು ಕಲಿತದ್ದು ಮೂಗು.
ಸುಟ್ಟ ವಾಸನೆ ಇರಲಿಲ್ಲ.
ಉಳಿದದ್ದು ಐಟಿಐಯ ಎರಡು ಸೂತ್ರ.

ಪ್ಲಗ್ಗು ಚುಚ್ಚಿ, ಮೀಟರಿನ ಕಡ್ಡಿ ಇಟ್ಟೆ:
ನೂರ ಎಪ್ಪತ್ತು.
ಒಂಟಿ ತಂತಿಗೆ ಕ್ಲ್ಯಾಂಪು ಕಚ್ಚಿಸಿದೆ:
ಮೂರು ಪಾಯಿಂಟು ಎರಡು.
ಬಿಲ್ ಪುಸ್ತಕದ ಹಿಂಬದಿಗೆ ಬರೆದೆ,
ಅವಳಿಗೆ ಕಾಣುವಷ್ಟು ದೊಡ್ಡದಾಗಿ.

“ವೋಲ್ಟನ್ನು ಆಂಪಿನಿಂದ ಭಾಗಿಸಿದೆ, ನೋಡು.
ಐವತ್ತಮೂರು ಓಮ್. ಪುಸ್ತಕದಲ್ಲಿ ರೋಧ ಅಂತಾರೆ,
ಪೆಟ್ಟಿಗೆಯ ಹಠ ಅಂದುಕೋ.
ಇನ್ನು ಇದರ ಜಾತಕ, ಇಲ್ಲಿ ತಗಡಿನಲ್ಲಿದೆ:
ಇನ್ನೂರ ಮೂವತ್ತು ವೋಲ್ಟು, ಸಾವಿರ ವ್ಯಾಟು.
ಇನ್ನೂರ ಮೂವತ್ತನ್ನು ಅದರಿಂದಲೇ ಗುಣಿಸಿ
ಸಾವಿರದಿಂದ ಭಾಗಿಸು.
ಐವತ್ತಮೂರಕ್ಕೆ ಹತ್ತು ಪೈಸೆ ಕಡಿಮೆ.
ಹುಟ್ಟಿದಾಗಿನ ಹಠ, ಅಕ್ಕಾ, ಕೂದಲಷ್ಟೂ ಕದಲಿಲ್ಲ.”

“ಹಠ ಕಟ್ಟಿಕೊಂಡು ನನಗೇನು. ಬಿಸಿ?”

ನೂರ ಎಪ್ಪತ್ತನ್ನು ಮೂರು ಪಾಯಿಂಟು ಎರಡರಿಂದ ಗುಣಿಸಿದೆ.
ಐನೂರ ನಲವತ್ತನಾಲ್ಕು ವ್ಯಾಟು.
ಪೆನ್ನಿನಲ್ಲಿ ಎರಡು ಸಲ ಗೆರೆ ಎಳೆದೆ.

ಅವಳು ಚೀಟಿಹಣದ ಲೆಕ್ಕ ಇಡುವವಳು,
ಬಿಡಲಿಲ್ಲ.
“ವೋಲ್ಟು ಇಳಿದದ್ದು ಕಾಲು ಭಾಗ.
ಬಿಸಿ ಯಾಕೆ ಅರ್ಧ?”

ನೀರಿನ ಪೈಪಿನ ಹೋಲಿಕೆ ಬಾಯಿತುದಿಗೆ ಬಂದದ್ದನ್ನು ನುಂಗಿದೆ.
ಊರಲ್ಲಿ ನೀರೇ ಕರೆಂಟು ಕುಡಿಯುತ್ತಿರುವಾಗ
ಇನ್ನೆಂಥ ಹೋಲಿಕೆ.
“ತಳ್ಳುವವನು ಸೋತರೆ ನಡೆಯುವವನೂ ನಿಧಾನ.
ಸೋತ ಎರಡೂ ಸೇರಿ
ಗುಣಾಕಾರಕ್ಕೆ ಬರುತ್ತವೆ.”

ಸ್ವಲ್ಪ ಹೊತ್ತು ಅಂಕಿಗಳನ್ನೇ ನೋಡಿದಳು.
“ಗೊತ್ತಾಯ್ತು ಬಿಡು.
ಕೂಲಿ ಇಳಿದ ವರ್ಷವೇ
ಕೆಲಸದ ದಿನವೂ ಇಳಿಯುತ್ತದೆ.”

ಐಟಿಐಯಲ್ಲಿ ಯಾರೂ ಹಾಗೆ ಹೇಳಿರಲಿಲ್ಲ.

“ಮತ್ತೆ ಬಿಲ್ಲು?”
“ಅರ್ಧ ಬಿಸಿಗೆ ಅರ್ಧ ಕಾಸು. ಮೀಟರು ಮೋಸ ಮಾಡೋದಿಲ್ಲ.”
“ಎರಡರಷ್ಟು ಹೊತ್ತು ನಿಂತೆನಲ್ಲ.”
“ಹಾಗಾದರೆ ಅಲ್ಲಿಗಲ್ಲಿಗೆ ಸಮ.”
ಅವಳು ತನ್ನ ಪಾದಗಳನ್ನು ನೋಡಿಕೊಂಡಳು,
ಹಿಮ್ಮಡಿ ಒಡೆದ, ಊದಿದ ಪಾದ.
ನಾನು ಪೆನ್ನಿನ ಮುಚ್ಚಳ ಹುಡುಕಿದೆ.

“ಆ ಹಾಳೆ ಹರಿದು ಕೊಡು,” ಎಂದಳು.
“ಹಳ್ಳಿಗಟ್ಟಿನ ಮದುವೆಮನೆಗೆ ತೋರಿಸ್ತೀನಿ.
ಕೆರೆಬದಿಯ ಹದಿನೈದು ಎಚ್‌ಪಿ ಪಂಪು
ಅವರದೇ.”

ತೋರಿಸಿದಳೋ ಇಲ್ಲವೋ, ಕೇಳಲಿಲ್ಲ.
ರಾತ್ರಿ ಹನ್ನೊಂದಕ್ಕೆ ಬಾಗಿಲು ಹಾಕುವಾಗ
ಚಿಟ್ ಚಿಟ್ ಒಂದೊಂದಾಗಿ ನಿಂತವು,
ಬೀದಿಯ ಬಲ್ಬುಗಳು ಹಳದಿ ಬಿಟ್ಟು ಬೆಳ್ಳಗಾದವು.
ಲೈನ್‌ಮನೆಯ ಕಿಟಕಿಯಲ್ಲಿ ಅವಳು,
ಕರಿ ಕುಪ್ಯದ ತೋಳನ್ನು ಹಲಗೆಗೆ ಎಳೆದು
ನೀರು ಚಿಮುಕಿಸುತ್ತಿದ್ದಳು.

ಮೂರು ದಿನ ಉರಿದೇ ಇದ್ದ
ಪೆಟ್ಟಿಗೆಯ ಪುಟ್ಟ ಕೆಂಪು ದೀಪ
ಟಕ್ ಎಂದು ಆರಿತು.
ಬೇಕಾದಷ್ಟು ಬಿಸಿ ಬಂದ ಗುರುತು ಅದು.
ಅವಳು ಬೆರಳು ಒದ್ದೆ ಮಾಡಿ ಮುಟ್ಟಿ ನೋಡಿದಳು,
ನಂಬದೆ, ಇನ್ನೊಮ್ಮೆ.